ಬಂದೆ ಅಂದವನು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ತಂತಿ ಅಂತಲೇ ಕರೆಯುತ್ತಿದ್ದರು. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರೆತ್ತುವ ಮೋಟಾರು, ಏನೇ ತಂದುಕೊಟ್ಟರೂ ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವುದು ಅವನ ಕಸುಬು. ಅಡ್ಡಹೆಸರು ಕಸುಬಿನಿಂದ ಬಂತೋ ಮೈಕಟ್ಟಿನಿಂದ ಬಂತೋ ಹೇಳುವುದು ಕಷ್ಟ. ಅಂಗಿಯನ್ನು ಗೂಟಕ್ಕೆ ನೇತುಹಾಕಿದರೂ ಒಂದೇ, ಇವರಿಗೆ ತೊಡಿಸಿದರೂ ಒಂದೇ ಅಂತ ಅವನ ಹೆಂಡತಿ ಹೇಳುತ್ತಿದ್ದಳು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು, ಅಂಗಿಗಳ ವಿಷಯ ಬಲ್ಲವಳು.

ತಂತಿಗೆ ಕೆಟ್ಟ ಚಟ ಒಂದೂ ಇರಲಿಲ್ಲ. ಒಂದೇ ಒಂದು ಅಭ್ಯಾಸವಿತ್ತು. ಯಾರಾದರೂ ಕರೆದರೆ "ಬಂದೆ" ಅನ್ನುತ್ತಿದ್ದ, ಬರುತ್ತಿರಲಿಲ್ಲ. ಇದರಲ್ಲಿ ಅವನದೇನು ಹೆಚ್ಚುಗಾರಿಕೆ, ನಾವೆಲ್ಲ ಮಾಡುವುದೂ ಇದೇ ತಾನೆ? ಕುಂಡೆ ಇನ್ನೂ ಕುರ್ಚಿ ಬಿಟ್ಟಿರುವುದಿಲ್ಲ, ಬಾಯಿ ಮಾತ್ರ ಆಗಲೇ ಬಂದಾಗಿರುತ್ತದೆ. "ಬರ್ತೀನಿ" ಅಂದರೆ ಯಾವಾಗ ಅಂತ ಕೇಳುವವರು ಇರುತ್ತಾರೆ. "ಬಂದೆ" ಅಂದರೆ ಅಲ್ಲಿಗೆ ಮುಗಿಯಿತು, ಕರೆದವರು ಕಾಯುತ್ತಾ ಕೂರುತ್ತಾರೆ. ತಂತಿಗಾದರೆ ಒಂದು ನೆಪವೂ ಇತ್ತು. ಕಾಯಿಲ್ ಸುತ್ತುವಾಗ ಎಣಿಕೆ ತಪ್ಪಬಾರದು, ಸುತ್ತು ಒಂದು ಹೆಚ್ಚು ಕಡಿಮೆಯಾದರೂ ಮೋಟಾರು ಮುನಿಸಿಕೊಳ್ಳುತ್ತದೆ. ಹಾಗಾಗಿ ತುಟಿಯಲ್ಲಿ ಲೆಕ್ಕ ನಡೆಯುತ್ತಿರುವಾಗಲೇ, ಎರಡು ಸಂಖ್ಯೆಗಳ ನಡುವೆ, ಒಂದು "ಬಂದೆ" ತೂರಿಸಿ ಮತ್ತೆ ಲೆಕ್ಕಕ್ಕೆ ಹೋಗುತ್ತಿದ್ದ.

ಅವನನ್ನು ಎಲ್ಲರಿಗಿಂತ ಹೆಚ್ಚು ಕರೆಯುತ್ತಿದ್ದವಳು ಅವನ ಅಕ್ಕ. ಬಾಯಿಂದ ಕರೆಯುತ್ತಿರಲಿಲ್ಲ, ಅವಳಿಗೆ ದನಿ ಇರಲಿಲ್ಲ.

ಮನೆಗೆ ಎರಡು ದೊಡ್ಡ ಕೋಣೆ, ಹಿಂದೊಂದು ಅಡುಗೆಮನೆ. ಬೀದಿಯ ಕಡೆಯ ಕೋಣೆ ಅಕ್ಕನದು, ಒಳಕೋಣೆ ತಂತಿಯದು. ನಡುವೆ ಬಾಗಿಲಿಗೆ ಕದವಿಲ್ಲ, ಒಂದು ಹಳೇ ಪರದೆ ಅಷ್ಟೆ. ಅಕ್ಕ ಬಟ್ಟೆ ಸರಿಮಾಡಿಕೊಡುವವಳು. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಹರಿದದ್ದನ್ನು ಹರಿದದ್ದೇ ಗೊತ್ತಾಗದಂತೆ ಹೊಲಿಯುವುದು. ದಪ್ಪ ಬಟ್ಟೆಗೆ ಕೈಹೊಲಿಗೆ ಹಾಕುವಾಗ ಸೂಜಿ ಚುಚ್ಚದಿರಲೆಂದು ನಡುಬೆರಳಿಗೆ ಒಂದು ಹಿತ್ತಾಳೆಯ ಟೋಪಿ ಹಾಕಿಕೊಳ್ಳುತ್ತಿದ್ದಳು. ಅದು ಅವಳಿಗೆ ಹೊಲಿಗೆ ಕಲಿಸಿದ ಮುದುಕಿ ಕೊಟ್ಟದ್ದು. ಒಂದು ಪಕ್ಕಕ್ಕೆ ನಜ್ಜಿತ್ತು. ಊಟಕ್ಕೆ, ಸ್ನಾನಕ್ಕೆ, ನಿದ್ದೆಗೆ ಬಿಟ್ಟರೆ ಟೋಪಿ ಬೆರಳು ಬಿಡುತ್ತಿರಲಿಲ್ಲ. ಅಕ್ಕ ಜನ್ಮದಲ್ಲಿ ಟೋಪಿ ಹಾಕಿದ್ದು ಆ ಬೆರಳಿಗೊಂದಕ್ಕೇ, ಗಿರಾಕಿಗಳಿಗಲ್ಲ ಅಂತ ತಂತಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಗಂಟಲಿಗೆ ಗಡ್ಡೆ ಬಂದು ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟ ಮೇಲೆ ಆ ಟೋಪಿಯೇ ಅಕ್ಕನ ಬಾಯಿಯಾಯಿತು. ಹೊಲಿಗೆ ಯಂತ್ರದ ಮೇಜಿನ ಮೇಲೆ ಎರಡು ಸಲ, ಟಕ್ ಟಕ್, ಅಂದರೆ "ಬಾ". ಮೂರು ಸಲ ಅಂದರೆ "ಚಹಾ". ಟೋಪಿಯಿಂದ ಮೇಜನ್ನು ಉದ್ದಕ್ಕೂ ಕರಕರ ಕೆರೆದರೆ ಅದು ಬೈಗುಳ. ಎದುರಿದ್ದಾಗ ತುಟಿ ಆಡಿಸುತ್ತಿದ್ದಳು, ತಂತಿ ಓದಿ ಗಿರಾಕಿಗೆ ಹೇಳುತ್ತಿದ್ದ. "ಈ ಹೆಂಗಸಿಗೆ ಹೊಟ್ಟೆ ಇರೋದು ಅಷ್ಟು, ಅಳತೆ ಕೊಡೋದು ಇಷ್ಟು" ಅಂತ ಅಕ್ಕನ ತುಟಿ ಅಂದರೆ, "ಸ್ವಲ್ಪ ಸಡಿಲ ಇಟ್ಟರೆ ಆರಾಮಿರತ್ತಂತೆ ಅಮ್ಮಾ" ಅಂತ ಅವನ ಬಾಯಿ ಅನ್ನುತ್ತಿತ್ತು. ಅಕ್ಕನಿಗೆ ಗೊತ್ತಾಗಿ ಕರಕರ ಶುರುವಾಗುತ್ತಿತ್ತು.

ಉಪ್ಪುನೀರಿನ ಮೀನುತೊಟ್ಟಿಯೊಂದು ಮನೆಗೆ ಬಂದದ್ದು ಗಂಟಲಿನ ಡಾಕ್ಟರ ಕಡೆಯಿಂದ. ಅವರ ಷಾಪಿನಲ್ಲಿ ಕಾಯುವವರ ಬೆಂಚಿನ ಎದುರಿಗೆ ಆ ಗಾಜಿನ ತೊಟ್ಟಿ ಇತ್ತು. ಒಳಗೆ ಬಂಡೆ, ಬಂಡೆಯ ಮೇಲೆ ಜೀವಂತ ಹವಳ, ಒಂದೆರಡು ಮೀನು, ಬಸವನಹುಳುಗಳು, ಮತ್ತೆ ಬೆನ್ನ ಮೇಲೆ ಶಂಖ ಹೊತ್ತು ತಿರುಗುವ ಸಣ್ಣ ಸನ್ಯಾಸಿ ಏಡಿಗಳು. ಅಕ್ಕ ಚಿಕಿತ್ಸೆಯ ತಿಂಗಳುಗಳನ್ನೆಲ್ಲ ಅದರ ಮುಂದೆಯೇ ಕಳೆದಿದ್ದಳು. ಡಾಕ್ಟರಿಗೆ ವಯಸ್ಸಾಗಿ ಷಾಪು ಮುಚ್ಚುವಾಗ, ಇದನ್ನು ಯಾರು ಸಾಕುತ್ತಾರೆ ಅಂತ ಅವರು ತಲೆ ಕೆರೆದುಕೊಂಡರಂತೆ. ಅಕ್ಕ ಅವರ ಮೇಜಿನ ಮೇಲೆ ಟಕ್ ಟಕ್ ಅಂದಳಂತೆ.

ತೊಟ್ಟಿ ಅಕ್ಕನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಎಡಕ್ಕೆ, ಗೋಡೆಗೆ ಒತ್ತಿ ಕೂತಿತು. ಅದಕ್ಕೆ ಪಂಪು, ದೀಪ, ಕರೆಂಟು ಹೋದರೆ ಬ್ಯಾಟರಿ, ಎಲ್ಲವನ್ನೂ ಜೋಡಿಸಿಕೊಟ್ಟವನು ತಂತಿಯೇ. ಆದರೆ ನೀರಿಗೆ ಕೈ ಹಾಕುವ ಹಾಗಿರಲಿಲ್ಲ. ತಾಮ್ರ ಬಿದ್ದ ನೀರಲ್ಲಿ ಏಡಿ, ಹುಳು, ಹವಳ ಬದುಕುವುದಿಲ್ಲ. ಎಷ್ಟು ಕಡಿಮೆ ಬಿದ್ದರೂ ನಿಧಾನಕ್ಕೆ ಸಾಯುತ್ತವೆ. ಡಾಕ್ಟರು ಹೇಳಿ ಕಳಿಸಿದ್ದರಲ್ಲಿ ಅಕ್ಕ ಮನಸ್ಸಿಗೆ ಹಚ್ಚಿಕೊಂಡದ್ದು ಇದೊಂದನ್ನೇ. ತಂತಿ ಹತ್ತಿರ ಬಂದರೆ ಸಾಕು, ಅವಳ ತುಟಿ "ತಾಮ್ರದ ಕೈ" ಅನ್ನುತ್ತಿತ್ತು. ಅವನು ಶಾಲೆಯ ಹುಡುಗನ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಬೇಕು. ನೋಡುವುದೇನು, ತನ್ನ ದುಡ್ಡಿನ ಉಪ್ಪು, ತನ್ನ ಕರೆಂಟು, ಮುಟ್ಟುವ ಹಕ್ಕು ಮಾತ್ರ ಇಲ್ಲ ಅಂತ ಗೊಣಗುತ್ತಿದ್ದ.

ಹೆಸರಿಗೆ ಸನ್ಯಾಸಿ, ಧ್ಯಾನವೆಲ್ಲ ಮನೆಯ ಮೇಲೆ. ಆ ಏಡಿಗೆ ಹಿಂಬದಿಯ ಮೈ ಮೆತ್ತಗೆ, ಬೆತ್ತಲೆ. ಯಾವುದೋ ಸತ್ತ ಹುಳದ ಶಂಖದೊಳಗೆ ಅದನ್ನು ತುರುಕಿಕೊಂಡು ಬದುಕುತ್ತದೆ. ಮೈ ಬೆಳೆದಂತೆ ಶಂಖ ಬಿಗಿಯಾಗುತ್ತದೆ, ಆಗ ದೊಡ್ಡದೊಂದನ್ನು ಹುಡುಕಿ, ಮೀಸೆಯಿಂದ ತಡವಿ, ಕೊಂಡಿಯಿಂದ ಒಳಗೆಲ್ಲ ಕೆದಕಿ, ಬಾಡಿಗೆ ಮನೆ ನೋಡುವವರ ಹಾಗೆ ಹತ್ತು ಸಲ ತಿರುಗಿಸಿ ನೋಡಿ, ಕೊನೆಗೆ ಹಳೆಯದರಿಂದ ಮೈ ಕಿತ್ತು ಹೊಸದಕ್ಕೆ ಹಾರುತ್ತದೆ. ಆ ಹಾರುವುದಿದೆಯಲ್ಲ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅಕ್ಕನಿಗೆ ಅದನ್ನು ನೋಡುವುದೆಂದರೆ ಪಂಚಪ್ರಾಣ. ಏಡಿ ಶಂಖ ತಡವಲು ಶುರುಮಾಡಿತೆಂದರೆ ಟಕ್ ಟಕ್. ತಂತಿ ಒಳಗಿನಿಂದ "ಬಂದೆ". ಮತ್ತೆ ಟಕ್ ಟಕ್. "ಬಂದೆ ಅಂದ್ನಲ್ಲಕ್ಕಾ." ಸುತ್ತು ಮುಗಿಸಿ, ಗಂಟು ಹಾಕಿ, ಪರದೆ ಸರಿಸಿ ಬರುವಷ್ಟರಲ್ಲಿ ಏಡಿ ಹೊಸ ಮನೆಯಲ್ಲಿ ಸಂಸಾರ ಹೂಡಿರುತ್ತಿತ್ತು. ಅಕ್ಕ ಎರಡೂ ಅಂಗೈ ಬಿಡಿಸಿ ತೋರಿಸುತ್ತಿದ್ದಳು, ಆಗಿಹೋಯ್ತು ಅಂತ. "ಮುಂದಿನ ಸಲ ನೋಡ್ತೀನಿ ಬಿಡು" ಅನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಲಿಲ್ಲ.

ಅಕ್ಕ ಹೋದ ದಿನವೂ ಹಾಗೇ ಆಯಿತು. ಮಧ್ಯಾಹ್ನ. ತಂತಿ ಯಾರದೋ ಫ್ಯಾನಿಗೆ ಸುತ್ತು ಹಾಕುತ್ತಿದ್ದ. ಟಕ್ ಟಕ್. "ಬಂದೆ." ಮತ್ತೊಮ್ಮೆ ಟಕ್ ಟಕ್. "ಬಂದೆ, ಬಂದೆ." ಮೂರನೇ ಸಲ ಬರಲಿಲ್ಲ. ಮುನಿಸಿಕೊಂಡಿದ್ದಾಳೆ, ಇನ್ನು ಕರಕರ ಕೇಳಬೇಕು ಅಂದುಕೊಂಡು, ಸುತ್ತು ಮುಗಿಸಿ, ಕೈ ಒರೆಸಿಕೊಂಡು ಹೋದ. ಅಕ್ಕ ತೊಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ತೋಳು ತೊಟ್ಟಿಯ ಅಂಚಿನ ಮೇಲೆ, ತಲೆ ತೋಳಿನ ಮೇಲೆ. ಬೆರಳುಗಳು ನೀರಲ್ಲಿ ಅದ್ದಿದ್ದವು. ಅವನು "ಬಂದೆ ಅಕ್ಕಾ" ಅಂದ.

ಹೃದಯ ನಿಂತಿದೆ, ಕೂತಲ್ಲೇ ಹೋಗಿದ್ದಾರೆ, ನೀವು ಬಂದಿದ್ದರೂ ಏನೂ ಮಾಡೋಕಾಗ್ತಿರಲಿಲ್ಲ ಅಂದರು ಬಂದು ನೋಡಿದ ಬೇರೊಬ್ಬ ಡಾಕ್ಟರು. ಹೇಳುವವರು ಹೇಳುತ್ತಾರೆ. ತಂತಿಗೆ ಬೇಕಾಗಿದ್ದದ್ದು ಅದಲ್ಲ. ಅವಳು ಕರೆದದ್ದು ಯಾತಕ್ಕೆ? ಎದೆ ನೋವು ಬಂದು ಕರೆದಳೆ, ಇಲ್ಲ ಏಡಿ ತೋರಿಸಲು ಕರೆದಳೆ? ಇದೊಂದು ಪ್ರಶ್ನೆ ಅವನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತು. ಹೆಂಡತಿಗೂ ಹೇಳಲಿಲ್ಲ. ಸುತ್ತಿಟ್ಟ ಆ ಫ್ಯಾನು ಈಗಲೂ ಯಾರದೋ ಮನೆಯಲ್ಲಿ ಚೆನ್ನಾಗಿ ತಿರುಗುತ್ತಿದೆ ಅನ್ನುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಕ್ಕನ ಬೆರಳಲ್ಲಿ ಟೋಪಿ ಇರಲಿಲ್ಲ. ಯಂತ್ರದ ಕೆಳಗೆ, ಚಿಂದಿ ಬುಟ್ಟಿಯಲ್ಲಿ, ಗುಂಡಿ ಡಬ್ಬದಲ್ಲಿ ಎಲ್ಲ ಹುಡುಕಿದರು. ನೋಡಲು ಬಂದವರ ಮೇಲೂ ತಂತಿ ಒಂದೆರಡು ದಿನ ಅನುಮಾನಪಟ್ಟ, ಅದೂ ಒಂದು ನಜ್ಜಿದ ಹಿತ್ತಾಳೆ ಟೋಪಿಗೆ. ಸಿಗಲಿಲ್ಲ. ಬಂದುಹೋಗುವವರ ಕಣ್ಣಿಗೆ ಅಕ್ಕನ ತೊಟ್ಟಿ ಚೊಕ್ಕಟವಾಗಿ ಕಾಣಲಿ ಅಂತ ಅದೇ ವಾರ ಅವನು ಉದ್ದದ ಇಕ್ಕಳ ತಗೊಂಡು, ಕೈ ನೀರಿಗೆ ತಾಗದ ಹಾಗೆ, ಮರಳ ಮೇಲೆ ಬಿದ್ದಿದ್ದ ಖಾಲಿ ಶಂಖಗಳನ್ನೆಲ್ಲ ಆರಿಸಿ ತೆಗೆದ. ಸತ್ತ ಹುಳುಗಳ ಚಿಪ್ಪು, ಒಳಗೆ ಯಾಕೆ ಕೊಳೆಯಬೇಕು ಅಂದುಕೊಂಡ. ಅಕ್ಕನ ವಸ್ತು ಎಸೆಯಲು ಮನಸ್ಸು ಬಾರದೆ ಒಂದು ತಗಡಿನ ಡಬ್ಬಕ್ಕೆ ತುಂಬಿ ತನ್ನ ಮೇಜಿನ ಕೆಳಗಿಟ್ಟ.

ಅಂದಿನಿಂದ ತೊಟ್ಟಿಯನ್ನು ನೋಡಿಕೊಳ್ಳುವುದು ಅವನ ಪಾಲಿಗೆ ಬಂತು. ಸಂಜೆ ಪಂಪು ನಿಲ್ಲಿಸಿ ಮೇವು ಹಾಕಬೇಕು, ಇಲ್ಲದಿದ್ದರೆ ಮೇವೆಲ್ಲ ನೀರಿನ ಸೆಳೆತಕ್ಕೆ ಕೊಚ್ಚಿಹೋಗುತ್ತದೆ. ಪಂಪು ನಿಂತರೆ ಮನೆ ಒಮ್ಮೆಲೇ ನಿಶ್ಶಬ್ದವಾಗುತ್ತಿತ್ತು. ಅಕ್ಕ ಹೋಗಿ ತಿಂಗಳಾಗಿತ್ತೇನೋ, ಒಂದು ಸಂಜೆ ಆ ನಿಶ್ಶಬ್ದದಲ್ಲಿ ಅವನು ಮೇವಿನ ಡಬ್ಬ ತರಲು ಒಳಕೋಣೆಗೆ ಹೋದ. ಹಿಂದಿನಿಂದ ಕೇಳಿಸಿತು.

ಟಕ್ ಟಕ್.

"ಬಂದೆ" ಅಂದ. ಅಂದಮೇಲೆ ನೆನಪಾಯಿತು, ಅಕ್ಕ ಇಲ್ಲ. ಪರದೆಯ ಈಚೆ ನಿಂತುಬಿಟ್ಟ. ಆಚೆ ಹೊಲಿಗೆ ಯಂತ್ರ, ಅದರ ಮೇಲೆ ಹೊದಿಸಿದ ಬಟ್ಟೆ, ಖಾಲಿ ಸ್ಟೂಲು. ಹೆದರಿಕೆಗಿಂತ ಮೊದಲು ಬಂದದ್ದು ಸಂತೋಷ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅಕ್ಕ ಇನ್ನೂ ಕರೆಯುತ್ತಿದ್ದಾಳೆ, ಇನ್ನೂ ಹೊತ್ತು ಮೀರಿಲ್ಲ ಅನ್ನಿಸಿತು ಅವನಿಗೆ.

ಹೆಂಡತಿ ಬಂದ ಮೇಲೆ ಕೇಳಿದ, "ಸಂಜೆ ಹೊತ್ತು ನಿಂಗೇನಾದ್ರೂ ಕೇಳಿಸತ್ತಾ?"

"ಏನು?"

"ಏನಿಲ್ಲ. ಮುಂದಿನ ಕೋಣೇಲಿ."

"ನಂಗೇನೂ ಕೇಳಿಸಲ್ಲಪ್ಪ" ಅಂದಳು ಅವಳು, ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ಉಜ್ಜುತ್ತಾ.

ದಿನಾ ಕೇಳಿಸತೊಡಗಿತು. ಎರಡೇ ಸಲ ಅಂತೇನಿಲ್ಲ, ಕೆಲವೊಮ್ಮೆ ಒಂದು, ಕೆಲವೊಮ್ಮೆ ನಾಲ್ಕು. ಆದರೆ ಕಾದು ಕೂತವನ ಕಿವಿ ಎರಡನ್ನೇ ಆರಿಸಿಕೊಳ್ಳುತ್ತದೆ. ಮೊದಮೊದಲು ಮೇವು ಹಾಕುವಷ್ಟು ಹೊತ್ತು ಪಂಪು ನಿಲ್ಲಿಸುತ್ತಿದ್ದವನು ಆಮೇಲಾಮೇಲೆ ಚಹಾ ಕುಡಿದು ಮುಗಿಯುವ ತನಕ ನಿಲ್ಲಿಸತೊಡಗಿದ. ಅಕ್ಕನ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ಅದರ ಪಕ್ಕ ನೆಲದ ಮೇಲೆ ಕೂತು, ಟಕ್ ಅಂದಾಗಲೆಲ್ಲ ಮೆಲ್ಲಗೆ "ಬಂದೆ ಅಕ್ಕ, ಇಲ್ಲೇ ಇದೀನಿ" ಅನ್ನುತ್ತಿದ್ದ. ಕಸುಬಿನಲ್ಲಿ ಲೆಕ್ಕ ತಪ್ಪುತ್ತಿತ್ತು. ಸುತ್ತಿದ ಮೋಟಾರುಗಳು ಕಾದು ವಾಪಸ್ಸು ಬರುತ್ತಿದ್ದವು. ತಂತಿಗೆ ತಲೆಯೊಳಗೇ ಶಾರ್ಟ್ ಆಗಿದೆ ಅಂತ ಬೀದಿಯಲ್ಲಿ ಆಡಿಕೊಂಡರು, ಆಡಿಕೊಳ್ಳಲು ಬಾಡಿಗೆ ಕೊಡಬೇಕೆ?

ಅಷ್ಟರಲ್ಲಿ ತೊಟ್ಟಿ ಸಾಯತೊಡಗಿತು. ಮೊದಲು ಬಸವನಹುಳುಗಳು ಗಾಜಿನ ಮೇಲಿಂದ ಕಳಚಿ ಮರಳಿಗೆ ಬಿದ್ದವು, ಮತ್ತೆ ಏಳಲಿಲ್ಲ. ಅವನ್ನೂ ತಂತಿ ಇಕ್ಕಳದಿಂದ ಹೆಕ್ಕಿ ತೆಗೆದ. ಹಗಲೆಲ್ಲ ಹೂವಿನ ಹಾಗೆ ಅರಳುತ್ತಿದ್ದ ಹವಳ ಮುದುಡಿಕೊಂಡು ಬಿಳಚಿತು. ಏಡಿಗಳು ಒಂದೆಡೆ ಕೂತರೆ ಕೂತಲ್ಲೇ. ತಂತಿ ಒಂದು ಬಾಟಲಿ ನೀರು ಹಿಡಿದುಕೊಂಡು, ಅಕ್ಕ ತೊಟ್ಟಿಗೆ ಉಪ್ಪು ಕೊಳ್ಳುತ್ತಿದ್ದ ಸಾಕುಮೀನಿನಂಗಡಿಗೆ ಓಡಿದ. ಅಂಗಡಿಯವನು ಮಾತುಗಾರ. ನೀರಿಗೆ ಪರೀಕ್ಷೆಯ ಹನಿ ಹಾಕಿ ಕುಲುಕಿ, ಬಣ್ಣ ಬಂದದ್ದನ್ನು ಬೆಳಕಿಗೆ ಹಿಡಿದು, ಹುಬ್ಬೇರಿಸಿದ.

"ತಾಮ್ರ ಇದೆಯಲ್ಲ ಸ್ವಾಮಿ ಇದರಲ್ಲಿ! ಮೀನಿಗೆ ಔಷಧಿ ಏನಾದ್ರೂ ಹಾಕಿದ್ರಾ? ಕೆಲವು ಔಷಧೀಲಿ ತಾಮ್ರ ಇರತ್ತೆ."

"ಏನೂ ಹಾಕಿಲ್ಲ."

"ಮತ್ತೆಲ್ಲಿಂದ ಬಂತು?" ಅಂದವನ ಕಣ್ಣು ತಂತಿಯ ಕೈಗೆ ಬಿತ್ತು. ಉಗುರಿನ ಸಂದಿಯಲ್ಲಿ ಕೆಂಪು ಪುಡಿ. ಅಂಗಡಿಯವನು ನಕ್ಕ. "ನಿಮ್ಮ ಕಸುಬೇ ತಾಮ್ರದ್ದು ಅಲ್ವಾ!"

ಅವನು ತಮಾಷೆಗೆ ಅಂದದ್ದು. ತಂತಿ ಆ ಮಾತನ್ನು ಹೊತ್ತುಕೊಂಡೇ ಮನೆಗೆ ಬಂದ. ಅಕ್ಕ ಬದುಕಿರುವಾಗ ಹೊತ್ತಿಗೆ ಬರಲಿಲ್ಲ, ಸತ್ತ ಮೇಲೆ ಬಂದು ಅವಳು ಸಾಕಿದ್ದನ್ನೆಲ್ಲ ಕೊಲ್ಲುತ್ತಿದ್ದೇನೆ ಅನ್ನಿಸಿತು. ಅವತ್ತೇ ಮೇಜು, ತಂತಿಯ ಸುರುಳಿಗಳು, ಮೋಟಾರುಗಳನ್ನೆಲ್ಲ ಹಿತ್ತಿಲ ಗೋಡೆಯ ಬದಿಗೆ, ತಗಡಿನ ಸೂರಿನ ಕೆಳಗೆ ಸಾಗಿಸಿದ. ಮುಂದಿನ ಕೋಣೆಗೆ ಹೋಗುವ ಮುಂಚೆ ಸ್ನಾನ, ಬೇರೆ ಬಟ್ಟೆ, ಮೊಣಕೈ ತನಕ ಸಾಬೂನು. ಕೈ ಸುಲಿದು ಕೆಂಪಾಯಿತು.

"ಮದುವೆ ದಿನಾನೂ ಇಷ್ಟು ತೊಳ್ಕೊಂಡಿರ್ಲಿಲ್ಲ ನೀವು" ಅಂದಳು ಹೆಂಡತಿ. ಅವನು ನಗಲಿಲ್ಲ. ಅವಳಿಗೂ ನಗು ಬಂದಿರಲಿಲ್ಲ.

ನೀರು ಬದಲಿಸಿದರು, ಮತ್ತೆ ಬದಲಿಸಿದರು. ಎರಡು ದಿನ ಹವಳ ಚೂರು ಬಾಯಿ ಬಿಟ್ಟಂತೆ ಮಾಡಿ ಮತ್ತೆ ಮುದುಡಿತು. ಅಂಗಡಿಯವನ ಹನಿಗೆ ಮತ್ತೆ ಬಣ್ಣ ಬಂತು. "ಹೊರಗಿಂದಲ್ಲ ಸ್ವಾಮಿ, ಒಳಗೇ ಏನೋ ಲೋಹ ಬಿದ್ದಿದೆ. ಹುಡುಕಿ" ಅಂದ ಈ ಸಲ, ನಗದೆ.

ಮೋಟಾರಿನ ಹೊಟ್ಟೆಯೊಳಗೆ ಇಣುಕಲು ತಂತಿಯ ಹತ್ತಿರ ಉದ್ದ ಕಡ್ಡಿಗೆ ಸಿಕ್ಕಿಸಿದ ಒಂದು ಪುಟ್ಟ ಕನ್ನಡಿ ಇತ್ತು. ಭಾನುವಾರ ಮಧ್ಯಾಹ್ನ, ಹೆಂಡತಿ ಮನೆಯಲ್ಲೇ ಇದ್ದಾಗ, ಪಂಪು ನಿಲ್ಲಿಸಿ, ಕನ್ನಡಿಯನ್ನು ತೊಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಪಕ್ಕದಿಂದ ತೂರಿಸಿ, ನೆಲದ ಮೇಲೆ ಮಲಗಿ, ಟಾರ್ಚು ಹಾಕಿ ನೋಡಿದ. ಆ ಕಡೆಯಿಂದ ಈವರೆಗೆ ಯಾರೂ ನೋಡಿರಲಿಲ್ಲ. ಬಂಡೆಯ ಹಿಂಭಾಗ, ಪಾಚಿ, ಮರಳು. ಟಕ್ ಅಂತ ಕೇಳಿಸಿತು, ಗಾಜಿಗೆ ಏನೋ ತಾಗಿದ ಸದ್ದು. ಕನ್ನಡಿ ತಿರುಗಿಸಿದ.

ಟೋಪಿ ನಡೆಯುತ್ತಿತ್ತು.

ಹಸಿರುಗಟ್ಟಿದ ಹಿತ್ತಾಳೆ, ಪಕ್ಕದಲ್ಲಿ ಅದೇ ನಜ್ಜು. ಕೆಳಗಿಂದ ನಾಲ್ಕಾರು ಸಣ್ಣ ನೀಲಿ ಕಾಲು ಹೊರಬಂದು ಅದನ್ನು ಎಳೆಯುತ್ತಿದ್ದವು. ಒಂದು ಹೆಜ್ಜೆ, ಒಂದು ವಾಲು, ಗಾಜಿಗೆ ಟಕ್. ಇನ್ನೊಂದು ಹೆಜ್ಜೆ, ಟಕ್. ಅಕ್ಕನ ಬೆರಳನ್ನು ಬಿಟ್ಟ ಟೋಪಿ ತನ್ನಷ್ಟಕ್ಕೆ ತಾನೇ ಬಂಡೆಯ ಹಿಂದೆ ಓಡಾಡಿಕೊಂಡು, ಇಷ್ಟು ದಿನ ಅವನನ್ನು ಕರೆಯುತ್ತಾ ಇತ್ತು.

"ಇವಳೇ... ಬಾ ಇಲ್ಲಿ" ಅಂದ.

ಹೆಂಡತಿಯೂ ಪಕ್ಕದಲ್ಲಿ ಮಲಗಿ ಕನ್ನಡಿ ನೋಡಿದಳು. ಆಮೇಲೆ ಎದ್ದು, ಸೀರೆ ಕೊಡವಿಕೊಂಡು, "ಸದ್ಯ" ಅಂದಳು. "ಇದಾ. ನಾನು ಅತ್ತಿಗೆ ಅಂದ್ಕೊಂಡಿದ್ದೆ."

"ನಿಂಗೂ ಕೇಳಿಸ್ತಿತ್ತಾ?"

"ಕೇಳಿಸದೆ ಏನು, ನನ್ನ ಕಿವಿ ಕಿವುಡಾ? ಅದಕ್ಕೇ ನಲ್ಲಿ ಬಿಡ್ತಿದ್ದೆ. ನಂಗೂ ಕೇಳಿಸತ್ತೆ ಅಂದಿದ್ರೆ ನೀವು ಕೆಲಸ ಬಿಟ್ಟು ಅಲ್ಲೇ ಕೂತುಬಿಡ್ತಿದ್ರಿ."

ಹಿತ್ತಾಳೆಯಲ್ಲಿರುವುದು ತಾಮ್ರವೇ. ಅದನ್ನು ತಂತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಿಷ ಅವನ ಕೈಯಿಂದ ಬಂದದ್ದಲ್ಲ, ಅಕ್ಕನ ಬೆರಳಿಂದಲೇ ಜಾರಿದ್ದು. ಸಮಾಧಾನ ಆಗಬೇಕಿತ್ತು. ಆದದ್ದು ದುಃಖ, ಅದೂ ಎರಡನೇ ಸಲ ಸತ್ತಳೆನ್ನುವಂಥ ದುಃಖ. ಇಷ್ಟು ದಿನ ಕರೆದವಳು ಅವಳಾಗಿರಲಿಲ್ಲವಲ್ಲ.

ಅಂಗಡಿಯವನಿಗೆ ಫೋನು ಮಾಡಿದರು. ಎಳೀಬೇಡಿ, ಮೈ ಹರಿದುಹೋದ್ರೂ ಅದು ಬಿಡಲ್ಲ ಅಂದ ಅವನು. ಹೊಸ ಉಪ್ಪುನೀರಿನ ಬಟ್ಟಲಲ್ಲಿ ಬೇರೆ ಇಡಿ, ಪಕ್ಕದಲ್ಲಿ ಸರಿಹೋಗೋ ಶಂಖ ಇಟ್ಟರೆ ತಾನೇ ಬದಲಾಯಿಸತ್ತೆ. "ಪಾಪ, ಒಳ್ಳೆ ಶಂಖ ಇದ್ದಿದ್ರೆ ಅದ್ಯಾಕೆ ಟೋಪಿಗೆ ಹೋಗ್ತಿತ್ತು ಹೇಳಿ. ನಿಮ್ಮಕ್ಕ ಯಾವಾಗ್ಲೂ ಖಾಲಿ ಶಂಖ ಒಳಗೆ ಬಿಟ್ಟಿರ್ತಿದ್ರಲ್ಲ, ಅವೆಲ್ಲಿ ಹೋದ್ವು?"

ತಂತಿ ಫೋನು ಇಟ್ಟ. ಆ ತಗಡಿನ ಡಬ್ಬ ನೆನಪಾಯಿತು. ಅವನು ಸತ್ತದ್ದು ಅಂದುಕೊಂಡು ಆರಿಸಿ ತೆಗೆದದ್ದೆಲ್ಲ ಮುಂದೆ ಬರುವವರಿಗೆ ಅಕ್ಕ ಕಾದಿಟ್ಟ ಮನೆಗಳು.

ಹೆಂಡತಿ ಸೌಟಿನಿಂದ ಟೋಪಿ ಸಮೇತ ಏಡಿಯನ್ನು ಎತ್ತಿ ಬಿಳಿ ಪಿಂಗಾಣಿ ಬಟ್ಟಲಿಗೆ ಬಿಟ್ಟಳು. ಬಟ್ಟಲನ್ನು ಅಕ್ಕನ ಯಂತ್ರದ ಮೇಜಿನ ಮೇಲೆ ಇಟ್ಟರು. ತಂತಿ ಹಿತ್ತಿಲಿನಿಂದ ಡಬ್ಬ ತಂದು ಬಟ್ಟಲ ಪಕ್ಕ ಇಟ್ಟ. ಆಮೇಲೆ ಹಾಕ್ತೀನಿ ಬಿಡು ಅಂದ.

ಮರುದಿನ ಹೆಂಡತಿ ಕೆಲಸಕ್ಕೆ ಹೋದಳು. ತಂತಿ ತನ್ನ ಮೇಜನ್ನು ಹಿತ್ತಿಲಿನಿಂದ ಮತ್ತೆ ಒಳಕೋಣೆಗೆ ತಂದುಕೊಂಡ. ಡಬ್ಬದ ಮುಚ್ಚಳ ತೆಗೆಯಲಿಲ್ಲ. ಪರದೆಯ ಆಚೆ, ಅಕ್ಕನ ಮೇಜಿನ ಮೇಲೆ, ಅಕ್ಕನ ಟೋಪಿ ಪಿಂಗಾಣಿಗೆ ಬಡಿಯುತ್ತಿತ್ತು, ಟಕ್ ಟಕ್. ತೊಟ್ಟಿಯೊಳಗಿಂದ ಕೇಳಿಸುತ್ತಿದ್ದದ್ದಕ್ಕಿಂತ ಎಷ್ಟೋ ಸ್ಪಷ್ಟ, ಹಿಂದೆ ಇದ್ದ ಹಾಗೇ. ಅವನು ಸುತ್ತು ಹಾಕುತ್ತಾ "ಬಂದೆ" ಅನ್ನುತ್ತಿದ್ದ. ಟಕ್ ಟಕ್. "ಬಂದೆ ಅಂದ್ನಲ್ಲಕ್ಕಾ." ಎಷ್ಟೋ ತಿಂಗಳ ಮೇಲೆ ಅವತ್ತು ಲೆಕ್ಕ ತಪ್ಪಲಿಲ್ಲ. ಮನೆ ಮನೆಯ ಹಾಗಿತ್ತು. ಅದು ಏಡಿ ಅಂತ ಅವನಿಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೂ ಬೇಕಾಗಿತ್ತು.

ಸಂಜೆ ಹೆಂಡತಿ ಬಂದವಳೇ ಬಟ್ಟಲು ನೋಡಿದಳು, ಡಬ್ಬ ನೋಡಿದಳು, ಒಳಗೆ ಬಂದು ಗಂಡನ ಮುಖ ನೋಡಿದಳು. ಚೀಲ ಕೆಳಗಿಟ್ಟಳು.

"ಯಾಕ್ರೀ ಹಾಕಿಲ್ಲ?"

"ಇವತ್ತೊಂದಿನ ಇರ್ಲಿ ಕಣೆ."

"ಅದರ ಮನೇನೇ ಅದಕ್ಕೆ ವಿಷ. ನಾಳೆಗೆ ಇರತ್ತಾ ಅದು?"

ತಂತಿ ಕೈಯಲ್ಲಿ ತಾಮ್ರದ ಎಳೆ ಹಿಡಿದೇ ಕೂತಿದ್ದ.

"ಅತ್ತಿಗೆ ಮೇಲಿನ ಪ್ರೀತಿ ನಂಗೂ ಇದೆ" ಅಂದಳು. "ಆದ್ರೆ ಅದು ಕರೀತಿರೋದು ನಿಮ್ಮನ್ನಲ್ಲ ರೀ. ಮನೆ ಹುಡುಕ್ತಿದೆ ಅಷ್ಟೆ. ಸುಮ್ನೆ ಬಂದೆ ಬಂದೆ ಅಂತ ಕೂತ್ರೆ ಹೇಗೆ?"

ಅಷ್ಟು ಅಂದು ಅಡುಗೆಮನೆಗೆ ಹೋದಳು. ಈ ಸಲ ನಲ್ಲಿ ಬಿಡಲಿಲ್ಲ.

ತಂತಿ ಸುತ್ತು ಮುಂದುವರಿಸಿದ. ಸದ್ದು ಮಧ್ಯಾಹ್ನದಷ್ಟು ಗಟ್ಟಿಯಾಗಿರಲಿಲ್ಲ. ಬಿಟ್ಟು ಬಿಟ್ಟು ಬರುತ್ತಿತ್ತು. ಒಮ್ಮೆ ಟಕ್ ಅಂತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅವನು ಲೆಕ್ಕ ಹಾಕುತ್ತಾ ಎರಡನೆಯದಕ್ಕೆ ಕಾದ. ಮೂರನೇ ಸಲ ಬಾರದೆ ಹೋದ ಆ ಮಧ್ಯಾಹ್ನ ಕಿವಿಗೆ ಬಂದು ಕೂತಿತು. ಟಕ್, ಬಲು ಮೆಲ್ಲಗೆ. "ಬಂ..." ಅಂತ ಬಾಯಿ ತೆರೆದವನು ಮಾತನ್ನು ಅಲ್ಲೇ ನುಂಗಿ, ಸುತ್ತುತ್ತಿದ್ದ ಕಾಯಿಲನ್ನು ನಡುವೆಯೇ ಕೈಬಿಟ್ಟು ಎದ್ದ. ತಾಮ್ರದ ಸುರುಳಿ ಬಿಚ್ಚಿಕೊಂಡು ನೆಲದ ತುಂಬ ಹರಡಿತು. ಲೆಕ್ಕ ಎಲ್ಲಿ ಹೋಯಿತೋ ಅವನಿಗೆ ಬೇಕಾಗಲಿಲ್ಲ.

ಡಬ್ಬ ತೆರೆದ. ಕೈಯಲ್ಲಿ ತಾಮ್ರದ ಪುಡಿ ಇದ್ದದ್ದು ನೆನಪಾಗಿ, ಅಕ್ಕ ಬೈಯುವ ಹಾಗಾಯಿತು ಅಂದುಕೊಂಡು, ಶಂಖಗಳನ್ನು ಸೌಟಿನಿಂದಲೇ ಎತ್ತಿ, ನೀರಲ್ಲಿ ಅದ್ದಿ ತೊಳೆದು ಬಟ್ಟಲಿಗೆ ಬಿಟ್ಟ. ಬಟ್ಟಲ ಮೇಲೆ ಬಾಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಾ ನಿಂತ.

ಏಡಿ ಅಲುಗಲಿಲ್ಲ. ಹೊತ್ತು ಮೀರಿತೇನೋ ಅಂದುಕೊಂಡ. ಆಮೇಲೆ ಒಂದು ಮೀಸೆ ಹೊರಬಂತು. ಒಂದು ಕಾಲು. ಕಂದು ಪಟ್ಟೆಯ ಒಂದು ಶಂಖವನ್ನು ಮುಟ್ಟಿತು, ಬಿಟ್ಟಿತು, ಇನ್ನೊಂದನ್ನು ಮುಟ್ಟಿತು, ಮತ್ತೆ ಪಟ್ಟೆಯದಕ್ಕೇ ಬಂತು. ಕೊಂಡಿ ಒಳಗಿಟ್ಟು ಕೆದಕಿತು. ಶಂಖವನ್ನು ಉರುಳಿಸಿ, ಬಾಯಿಯನ್ನು ತನ್ನ ಕಡೆ ತಿರುಗಿಸಿಕೊಂಡಿತು. ತಂತಿ ರೆಪ್ಪೆ ಬಡಿಯಲಿಲ್ಲ. ಟೋಪಿಯೊಳಗಿಂದ ಮೈ ಹೊರಬಂತು. ನಸುಗೆಂಪು, ಬೆತ್ತಲೆ, ಕೊನೆಯಲ್ಲಿ ಸುರುಳಿಯಾಗಿ ಬಾಗಿದ ಇಷ್ಟೇ ಇಷ್ಟು ಮೈ. ಜಗತ್ತಿನಲ್ಲಿ ಅಷ್ಟು ಮೆತ್ತಗಿನದನ್ನು ಅವನು ನೋಡಿರಲಿಲ್ಲ. ಒಂದು ಕ್ಷಣ ಅದು ಯಾವ ಮನೆಯಲ್ಲೂ ಇರಲಿಲ್ಲ. ಮರುಕ್ಷಣ ಶಂಖದೊಳಗಿತ್ತು.

"ನೋಡ್ದೆ ಅಕ್ಕಾ" ಅಂದ ತಂತಿ. "ನೋಡ್ದೆ."

ಅಕ್ಕ ಯಾತಕ್ಕೆ ಕರೆದಿದ್ದಳು ಅನ್ನುವುದು ಅವನಿಗೆ ಗೊತ್ತಾಗಲೇ ಇಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಇದಕ್ಕಾಗಿ ಕರೆದಿದ್ದರೂ ಇರಬಹುದು, ಇದಕ್ಕಾಗಿ ಕರೆಯಬಹುದಾದಷ್ಟು ಇದು ದೊಡ್ಡದೇ ಅನ್ನಿಸಿ ಅವನು ಅಕ್ಕನ ಮೇಜಿಗೆ ಹಣೆ ಹಚ್ಚಿ, ಅವಳು ಹೋದಾಗ ಅಳದಿದ್ದದ್ದನ್ನೆಲ್ಲ ಅತ್ತ. ಬಟ್ಟಲಲ್ಲಿ ಏಡಿ ಓಡಾಡುತ್ತಿತ್ತು. ಶಂಖ ತಾಗಿದರೆ ಆ ಸದ್ದು ಬರುತ್ತಿರಲಿಲ್ಲ.

ಸೌಟಿನಿಂದ ಟೋಪಿಯನ್ನು ಎತ್ತಿ, ತೊಳೆದು ಒರೆಸಿದ. ನಡುಬೆರಳಿಗೆ ಹಾಕಿನೋಡಿದ. ಮೊದಲ ಗಿಣ್ಣಿನಿಂದ ಕೆಳಕ್ಕೆ ಇಳಿಯಲಿಲ್ಲ. ಮೇಜಿನ ಮೇಲೆ ಬೆರಳೆತ್ತಿದ, ಬಡಿಯಲು. ಬಡಿಯಲಿಲ್ಲ. ಟೋಪಿಯನ್ನು ಗುಂಡಿ ಡಬ್ಬದೊಳಗೆ ಹಾಕಿ ಮುಚ್ಚಿದ.

"ರೀ, ಊಟಕ್ಕೆ ಬನ್ನಿ" ಅಂತ ಅಡುಗೆಮನೆಯಿಂದ ಹೆಂಡತಿ ಕರೆದಳು. ಕರೆದು, ಅಭ್ಯಾಸಬಲದಿಂದ ಇನ್ನೊಂದು ಕೆಲಸಕ್ಕೆ ಕೈ ಹಾಕಿದಳು, ಹೇಗೂ ಇನ್ನರ್ಧ ಗಂಟೆ ಅಂತ. ತಟ್ಟೆ ಇನ್ನೂ ಗೂಡಿನಲ್ಲೇ ಇತ್ತು. ಹಿಂದೆ ಹೆಜ್ಜೆಯ ಸದ್ದಾಗಿ ತಿರುಗಿದರೆ ಗಂಡ ಬಾಗಿಲಲ್ಲಿ ನಿಂತಿದ್ದ, ಮುಖ ಊದಿಕೊಂಡು, ಕಣ್ಣು ಕೆಂಪಗೆ. ಅವಳು ಗಾಬರಿಯಾದಳು.

"ಏನ್ರೀ? ಏನಾಯ್ತು?"

"ಏನಿಲ್ಲ" ಅಂದ ತಂತಿ. "ಕರೆದ್ಯಲ್ಲ."